ಬಾಯ್ಲರ್ ಗೋಡೆಯ ಮನೆ

ನಮ್ಮ ಕಚೇರಿಗೆ ಎರಡು ಕಿಟಕಿ. ಒಂದರಲ್ಲಿ ಹುಟ್ಟಿದವರನ್ನು ಬರೆದುಕೊಳ್ಳುತ್ತೇವೆ, ಇನ್ನೊಂದರಲ್ಲಿ ಸತ್ತವರನ್ನು. ನಾನು ಹದಿನಾಲ್ಕು ವರ್ಷ ಮೊದಲ ಕಿಟಕಿಯಲ್ಲಿ ಕೂತು ಆಮೇಲೆ ಎರಡನೆಯದಕ್ಕೆ ಹೋದೆ. ಎಲ್ಲರೂ ಕೊನೆಗೆ ಆ ಕಡೆಗೇ ಹೋಗುವುದು, ನಮ್ಮಕ್ಕ ಮಾತ್ರ ಸಂಬಳ ತಗೊಂಡು ಹೋದಳು ಎಂದು ದಫ್ತರದ ಕೋಣೆಯ ಧೂಳಪ್ಪ ಅವತ್ತು ನನ್ನನ್ನು ತೋರಿಸಿ ಎಲ್ಲರನ್ನೂ ನಗಿಸಿದ್ದ. ಧೂಳಪ್ಪ ಎನ್ನುವುದು ಅವನ ಹೆಸರಲ್ಲ. ಇಪ್ಪತ್ತು ವರ್ಷ ಹಳೆಯ ರಿಜಿಸ್ಟರುಗಳ ನಡುವೆ ಇದ್ದು ಇದ್ದು ಅವನ ಹುಬ್ಬಿನ ಮೇಲೂ ಧೂಳು ಕೂತಿರುತ್ತಿತ್ತು. ಹಾಜರಿ ಪುಸ್ತಕ ಬಿಟ್ಟರೆ ಬೇರೆಲ್ಲೂ ಅವನ ನಿಜವಾದ ಹೆಸರು ಬಳಕೆಯಲ್ಲಿರಲಿಲ್ಲ.

ಆ ಚಳಿಗಾಲದ ಶುರುವಿನಲ್ಲಿ ಹೊಸ ಆರೋಗ್ಯಾಧಿಕಾರಿ ಬಂದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ, ನಡಿಗೆ ಜೋರು. ಬಂದ ಎರಡನೆಯ ವಾರವೇ ನಮ್ಮಿಬ್ಬರನ್ನೂ ಕರೆಸಿ, ಈ ಊರಿನಲ್ಲಿ ನೂರು ವರ್ಷದಿಂದ ನ್ಯುಮೋನಿಯಾ ಮತ್ತು ಫ್ಲೂ ಜ್ವರದಲ್ಲಿ ಎಷ್ಟು ಜನ ಸತ್ತಿದ್ದಾರೆ, ವರ್ಷವಾರು, ವಯಸ್ಸುವಾರು, ಬೀದಿವಾರು ಬೇಕು ಎಂದರು. ಎಲ್ಲ ಸೇರಿ ಒಂದು ಹಾಳೆಯ ಮೇಲೆ ಒಂದು ಗೆರೆಯಾಗಬೇಕು. ಆ ಗೆರೆ ಎತ್ತ ಹೋಗುತ್ತಿದೆ ಎಂದು ನೋಡಿದರೆ ಮುಂದಿನ ಚಳಿಗಾಲಕ್ಕೆ ಆಸ್ಪತ್ರೆಯಲ್ಲಿ ಎಷ್ಟು ಹಾಸಿಗೆ ಬೇಕೆಂದು ಹೇಳಬಹುದಂತೆ.

ನಾವು ದಫ್ತರದ ಕೋಣೆಯಲ್ಲಿ ಮೇಜು ಹಾಕಿಕೊಂಡು ಕೂತೆವು. ಧೂಳಪ್ಪ ರಿಜಿಸ್ಟರು ಇಳಿಸಿ ಒರೆಸಿ ಕೊಡುವುದು, ನಾನು ಒಂದೊಂದೇ ಸಾಲು ಓದಿ ಕಂಪ್ಯೂಟರಿಗೆ ಹಾಕುವುದು. ಹಳೆಯ ಪುಟಗಳಲ್ಲಿ ನ್ಯುಮೋನಿಯಾ ಎಂಬ ಮಾತೇ ಇಲ್ಲ. ‘ಎದೆ ಕಟ್ಟಿ’ ಎಂದಿದೆ, ‘ಪಕ್ಕೆ ಶೂಲೆ ಜ್ವರ’ ಎಂದಿದೆ, ‘ಚಳಿಜ್ವರ, ಕೆಮ್ಮು, ಐದನೇ ದಿನ’ ಎಂದಿದೆ. ಒಬ್ಬ ಗುಮಾಸ್ತನಂತೂ ಏಳು ವರ್ಷ ಸತ್ತವರೆಲ್ಲರಿಗೂ ‘ಉಸಿರು ನಿಂತು’ ಎಂದು ಕಾರಣ ಬರೆದಿಟ್ಟಿದ್ದ. ಸುಳ್ಳಲ್ಲ, ಆದರೆ ಉಪಯೋಗವೂ ಇಲ್ಲ. ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂದು ದಿನಕ್ಕೆ ಹತ್ತು ಸಲ ಡಾಕ್ಟರಮ್ಮನ ಕೋಣೆಗೆ ಓಡಬೇಕಾಗುತ್ತಿತ್ತು.

ಮೊದಲ ಕಟ್ಟಿನಲ್ಲೇ ಮೂರು ಸಂಪುಟದ ವರ್ಷ ಸಿಕ್ಕಿತು. ಬೇರೆ ವರ್ಷಗಳಿಗೆಲ್ಲ ಒಂದೊಂದು ರಿಜಿಸ್ಟರು, ದೊಡ್ಡ ಜ್ವರದ ಆ ಒಂದು ವರ್ಷಕ್ಕೆ ಮೂರು. ಸತ್ತವರು ಮುದುಕರಲ್ಲ, ಇಪ್ಪತ್ತು ಮೂವತ್ತರ ಗಟ್ಟಿಮುಟ್ಟಾದ ಜನ. ಎರಡನೆಯ ಸಂಪುಟದ ನಡುವೆ ಒಂದು ಕಡೆ ಕೈಬರಹ ಬದಲಾಗುತ್ತದೆ. ಬದಲಾದ ಕೈಬರಹದ ಮೊದಲ ಸಾಲು: ‘ಈ ಕಚೇರಿಯ ಗುಮಾಸ್ತ, ವಯಸ್ಸು ಮೂವತ್ತೊಂದು.’ ಅದನ್ನು ಓದಿ ನಾನು ಎದ್ದು ಹೋಗಿ ನೀರು ಕುಡಿದು ಬಂದೆ.

ಆಮೇಲಿನ ವರ್ಷಗಳಲ್ಲಿ ಗೆರೆ ಪ್ರತಿ ಚಳಿಗಾಲ ಗರಗಸದ ಹಲ್ಲಿನಂತೆ ಮೇಲೇಳುತ್ತದೆ, ಬೇಸಿಗೆಗೆ ಇಳಿಯುತ್ತದೆ. ಅರವತ್ತೈದು ವರ್ಷದ ಹಿಂದೆ, ಪೆನಿಸಿಲಿನ್ ಇಂಜೆಕ್ಷನ್ ಈ ಊರಿಗೆ ಬಂದಾಗ, ಮೆಟ್ಟಿಲು ತಪ್ಪಿದವರ ಹಾಗೆ ಒಮ್ಮೆಗೇ ಕೆಳಗೆ ಬೀಳುತ್ತದೆ. ಅಲ್ಲಿಂದ ಈಚೆಗೆ ಮೂರು ನಾಲ್ಕು ಸಲ ಮಾತ್ರ ತಲೆ ಎತ್ತಿದೆ. ವಯಸ್ಸಿನ ಕಾಲಮ್ಮು ನೋಡಿದರೆ ಇನ್ನೊಂದು ಗೊತ್ತಾಗುತ್ತದೆ. ಮೊದಲೆಲ್ಲ ಎರಡು, ಒಂದು, ನಾಲ್ಕು, ಎಂಟು ತಿಂಗಳು. ಈಗ ಎಪ್ಪತ್ತೆಂಟು, ಎಂಬತ್ತೊಂದು, ತೊಂಬತ್ತು. ಸಾವು ಊರು ಬಿಟ್ಟು ಹೋಗಿಲ್ಲ, ತೊಟ್ಟಿಲ ಪಕ್ಕದಿಂದ ಎದ್ದು ಹೋಗಿ ಮುದುಕರ ಮಂಚದ ಪಕ್ಕ ಕೂತಿದೆ.

ಬೀದಿವಾರು ಜೋಡಿಸುವಾಗ ನನಗೆ ಆ ಮನೆ ಸಿಕ್ಕಿತು.

ನೂಲಿನ ಗಿರಣಿಯ ಹಿಂದಿನ ಓಣಿ, ಮನೆ ಒಂಬತ್ತು. ಆ ಓಣಿಯಲ್ಲಿ ಇರುವುದೇ ಹದಿನಾಲ್ಕು ಮನೆ. ಬೇರೆ ಮನೆಗಳಲ್ಲಿ ನೂರು ವರ್ಷದಲ್ಲಿ ಎರಡೋ ಮೂರೋ ನ್ಯುಮೋನಿಯಾ ಸಾವು. ಒಂಬತ್ತರಲ್ಲಿ ಐವತ್ತೆಂಟು. ತಪ್ಪಿರಬೇಕೆಂದು ನಾನು ಹಿಂದಕ್ಕೆ ಹೋಗಿ ಒಂದೊಂದನ್ನೂ ತೆಗೆದು ನೋಡಿದೆ. ತಪ್ಪಿರಲಿಲ್ಲ. ಒಂದಕ್ಕೆ ಹೆಸರೇ ಇಲ್ಲ, ಮಿಕ್ಕವೆಲ್ಲ ಬೇರೆ ಬೇರೆ ಮನೆತನದ ಹೆಸರು. ಮೊದಲನೆಯದು ಎಂಬತ್ತು ವರ್ಷ ಹಿಂದಿನದು, ಕೊನೆಯದು ಹನ್ನೊಂದು ವರ್ಷ ಹಿಂದಿನದು. ಆ ಮನೆಯಲ್ಲಿ ಬೇರೆ ಯಾವ ಕಾರಣಕ್ಕೂ ಒಬ್ಬರೂ ಸತ್ತಿರಲಿಲ್ಲ. ಬಿದ್ದು ಸತ್ತವರಿಲ್ಲ, ಹೆರಿಗೆಯಲ್ಲಿ ಸತ್ತವರಿಲ್ಲ, ಮುಪ್ಪಿನಿಂದ ಸತ್ತವರೂ ಇಲ್ಲ. ಧೂಳಪ್ಪನಿಗೆ ಹೇಳಿ ಹುಟ್ಟಿದವರ ರಿಜಿಸ್ಟರುಗಳನ್ನೂ ಇಳಿಸಿದೆ. ಒಂಬತ್ತನೆಯ ಮನೆಯಲ್ಲಿ ಒಂದು ಕೂಸೂ ಹುಟ್ಟಿರಲಿಲ್ಲ.

ವಿಳಾಸ ಗೊತ್ತಿಲ್ಲದವರನ್ನೆಲ್ಲ ಯಾವನೋ ಸೋಮಾರಿ ಒಂಬತ್ತಕ್ಕೆ ಬರೆದಿರುತ್ತಾನೆ ಎಂದು ಧೂಳಪ್ಪ ಮೊದಲು ವಾದಿಸಿದ. ಎಂಬತ್ತು ವರ್ಷದಲ್ಲಿ ಹನ್ನೆರಡು ಗುಮಾಸ್ತರು ಬದಲಾಗಿದ್ದಾರೆ, ಹನ್ನೆರಡು ಜನಕ್ಕೂ ಒಂದೇ ಸೋಮಾರಿತನವೇ ಎಂದು ಕೇಳಿದೆ. ಅವನು ತಲೆ ಕೆರೆದುಕೊಂಡ.

“ಅಕ್ಕ, ಮೇಡಂ ಕೇಳಿರೋದು ಗೆರೆ,” ಎಂದ. “ಗೆರೆ ಕೊಟ್ಟುಬಿಡೋಣ. ಮನೆ ಸಹವಾಸ ಬೇಡ.”

ಮನೆಯಲ್ಲಿ ನಾನು ಮತ್ತು ಅಮ್ಮ. ಅಮ್ಮನಿಗೆ ಎಪ್ಪತ್ತನಾಲ್ಕು. ಬದುಕಿಡೀ ದರ್ಜಿ ಅಂಗಡಿಗಳಿಗೆ ಕಾಜಾ ಹಾಕಿ ಗುಂಡಿ ಹೊಲಿದು ಕೊಟ್ಟವಳು. ಈಗಲೂ ವಾರಕ್ಕೆ ಒಂದು ಕಟ್ಟು ಅಂಗಿ ತರಿಸಿಕೊಳ್ಳುತ್ತಾಳೆ, ಬೇಡವೆಂದರೆ ಕೈ ಸುಮ್ಮನಿದ್ದರೆ ಬಾಯಿ ಜಾಸ್ತಿಯಾಗುತ್ತದೆ ಎಂದು ನನ್ನನ್ನೇ ಹೆದರಿಸುತ್ತಾಳೆ. ಅವತ್ತು ಸಂಜೆ ಚಹಾ ಕುಡಿಯುವಾಗ ನಾನು ಆ ಮನೆಯ ವಿಷಯ ತಮಾಷೆಯಾಗಿಯೇ ಹೇಳಿದೆ. ಅಮ್ಮ ಬೆಳೆದದ್ದು ಗಿರಣಿಯ ಕಡೆಯೇ. ಅವಳಿಗೆ ಏನಾದರೂ ಗೊತ್ತಿರಬಹುದು ಎಂದಷ್ಟೇ ನನ್ನ ಮನಸ್ಸಿನಲ್ಲಿದ್ದದ್ದು.

ಅಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿ ನಿಲ್ಲಿಸಿದಳು. ಯಾವ ನಂಬರು ಎಂದು ಕೇಳಿದಳು. ಒಂಬತ್ತು ಎಂದೆ. ಅಂಗಿಯನ್ನು ಮಡಚಿ ಪಕ್ಕಕ್ಕಿಟ್ಟು, ಮತ್ತೆ ಬಿಚ್ಚಿ, ಮತ್ತೆ ಮಡಚಿದಳು.

“ನನ್ನನ್ನೂ ಅಲ್ಲಿ ಮಲಗಿಸಿದ್ರು,” ಎಂದಳು. “ನನ್ನನ್ನ, ಮೋಟೂನ.”

ಮೋಟು ಯಾರು ಎಂದು ನಾನು ಕೇಳಬೇಕಾಯಿತು. ನನಗೊಬ್ಬ ಸೋದರಮಾವ ಇದ್ದ ಎಂಬುದು ನಲವತ್ತೆಂಟು ವರ್ಷ ನನಗೆ ಗೊತ್ತೇ ಇರಲಿಲ್ಲ. ಅಮ್ಮನಿಗೆ ಏಳು ವರ್ಷ, ಅವಳ ತಮ್ಮನಿಗೆ ನಾಲ್ಕು. ಕುಳ್ಳಗೆ ಗುಂಡುಗುಂಡಾಗಿ ಇದ್ದುದರಿಂದ ಮೋಟು. ಇಬ್ಬರಿಗೂ ಒಂದೇ ವಾರ ಜ್ವರ ಬಂತು, ಇಬ್ಬರಿಗೂ ಎದೆ ಕಟ್ಟಿತು. ಒಂಬತ್ತನೆಯ ಮನೆಯ ಹಿಂದಿನ ಗೋಡೆ ಗಿರಣಿಯ ಬಾಯ್ಲರಿನ ಗೋಡೆ. ಹಗಲೂ ರಾತ್ರಿ ಬೆಚ್ಚಗಿರುತ್ತಿತ್ತು. ಸುತ್ತಲಿನ ಮನೆಗಳೆಲ್ಲ ಚಳಿಗಾಲದಲ್ಲಿ ಒದ್ದೆ ಗೋಣಿಯ ಹಾಗೆ. ಹಾಗಾಗಿ ಎದೆ ಕಟ್ಟಿದವರನ್ನೆಲ್ಲ ಗಿರಣಿಯ ಜನ ಹೊತ್ತುಕೊಂಡು ಹೋಗಿ ಆ ಗೋಡೆಯ ಪಕ್ಕ ಮಲಗಿಸುತ್ತಿದ್ದರು. ಅಷ್ಟನ್ನು ಕೇಳಿ ನನಗೆ ನಿರಾಳವಾಯಿತು. ಐವತ್ತೆಂಟರ ಗುಟ್ಟು ಅದೇ ತಾನೆ. ಆದರೆ ಅಮ್ಮ ಹೇಳುವುದು ಇನ್ನೂ ಇತ್ತು.

“ಗೋಡೆ ಕಡೆ ನನ್ನನ್ನ ಹಾಕಿದ್ರು. ಈಚೆ ಕಡೆ ಅವನನ್ನ. ಮಧ್ಯಾಹ್ನ ಹತ್ರ ಯಾರೂ ಇರ್ಲಿಲ್ಲ. ಗೋಡೆ ಒಳಗೆ ಯಾರೋ ಉಸಿರಾಡ್ತಿದ್ರು ಕಣೇ.”

“ಬಾಯ್ಲರ್ ಹಬೆ ಇರಬೇಕಮ್ಮ.”

“ಹಬೆ ಸದ್ದು ನನಗೆ ಗೊತ್ತಿಲ್ವಾ? ಅದನ್ನ ಕೇಳ್ಕೊಂಡೇ ಹುಟ್ಟಿದೋಳು ನಾನು. ಅದು ಜನದ ಉಸಿರು. ನನಗೆ ಹೆದ್ರಿಕೆ ಆಯ್ತು. ಅವನನ್ನ ದಾಟಿ ಈಚೆ ಬಂದು, ಅವನನ್ನ ಗೋಡೆ ಕಡೆಗೆ ತಳ್ಳಿಬಿಟ್ಟೆ. ಸಂಜೆ ಹೊತ್ತಿಗೆ ಅವನಿರ್ಲಿಲ್ಲ. ನನಗೆ ಜ್ವರ ಬಿಟ್ಟಿತ್ತು.”

ಅದಾದ ಮೇಲೆ ಅವಳು ಒಂದೇ ಮಾತು ಹೇಳಿದ್ದು. ಗೋಡೆ ಕಾಯುತ್ತಿತ್ತೋ ತಗೊಳ್ಳುತ್ತಿತ್ತೋ ತನಗೆ ಇವತ್ತಿಗೂ ಗೊತ್ತಿಲ್ಲ. ತಗೊಳ್ಳುವುದಾಗಿದ್ದರೆ ತನ್ನ ಬದಲು ತಮ್ಮನನ್ನು ಕೊಟ್ಟಂತಾಯಿತು. ಅರವತ್ತೇಳು ವರ್ಷ ಇದನ್ನು ಹೊಟ್ಟೆಯಲ್ಲಿಟ್ಟುಕೊಂಡು ಅವಳು ನನಗೆ ಊಟ ಬಡಿಸಿದ್ದಳು, ತಲೆ ಬಾಚಿದ್ದಳು, ಅಂಕ ಕಡಿಮೆ ಬಂದಾಗ ಬೈದಿದ್ದಳು.

ಮರುದಿನ ರಿಜಿಸ್ಟರು ತೆಗೆದೆ. ಗಂಡು, ನಾಲ್ಕು ವರ್ಷ, ಎದೆ ಕಟ್ಟಿ, ಮನೆ ಒಂಬತ್ತು. ತಂದೆಯ ಹೆಸರು ನನ್ನ ತಾತನದು. ಹದಿನೈದು ದಿನದ ಹಿಂದೆ ನನ್ನ ಬೆರಳಿನಿಂದಲೇ ಕಂಪ್ಯೂಟರಿಗೆ ಹಾಕಿದ್ದೆ, ಮತ್ತೆ ತೆಗೆದು ನೋಡಿದಾಗಲೂ ಬೇರೆ ಯಾರದೋ ಹೆಸರೆಂದುಕೊಂಡು ದಾಟಿ ಹೋಗಿದ್ದೆ. ಗೆರೆಯ ಮೇಲೆ ಅವನ ವರ್ಷ ಹುಡುಕಿದೆ. ಕೊನೆಯ ಎತ್ತರದ ಹಲ್ಲು ಅದೇ. ಅಲ್ಲಿಂದ ಎರಡು ವರ್ಷಕ್ಕೆ ಗೆರೆ ಕುಸಿಯುತ್ತದೆ. ಆ ಹಾಳೆಯ ಮೇಲೆ ಎರಡು ವರ್ಷ ಎಂದರೆ ನನ್ನ ಕಿರುಬೆರಳಿನ ಅಗಲವೂ ಇಲ್ಲ.

ಶನಿವಾರ ಅರ್ಧ ದಿನ. ಮಧ್ಯಾಹ್ನ ನಾನೊಬ್ಬಳೇ ಆ ಓಣಿಗೆ ಹೋದೆ.

ಗಿರಣಿ ಮುಚ್ಚಿ ಇಪ್ಪತ್ತೊಂಬತ್ತು ವರ್ಷ. ಕಿಟಕಿಗಳ ಗಾಜು ಒಂದೂ ಉಳಿದಿರಲಿಲ್ಲ. ಓಣಿಯಲ್ಲಿ ನಾಲ್ಕೈದು ಮನೆಗಳಲ್ಲಿ ಮಾತ್ರ ಜನ. ಒಂಬತ್ತರ ಬಾಗಿಲು ತೆರೆದೇ ಇತ್ತು. ಒಳಗೆ ಮಣೆಯ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದ ಮುದುಕಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. ಅವಳ ಗಂಡ ಬಾಯ್ಲರು ನೋಡಿಕೊಳ್ಳುತ್ತಿದ್ದವನು, ಹಾಗಾಗಿ ಈ ಮನೆ ಅವರಿಗೆ ಸಿಕ್ಕಿದ್ದು. ಓಣಿಯವರಿಗೆಲ್ಲ ಅವಳು ಬಾಯ್ಲರಜ್ಜಿ. ನಾನು ಎಲ್ಲಿಂದ ಬಂದವಳು ಎಂದು ಹೇಳಿದೆ.

“ಸತ್ತೋರನ್ನ ಬರೆಯೋ ಆಫೀಸಾ?” ಎಂದಳು. “ಸ್ವಲ್ಪ ಬೇಗ ಬಂದ್ಯಲ್ಲ ಮಗಳೇ, ನಾನಿನ್ನೂ ಇದೀನಿ.”

ನಾನು ನಕ್ಕೆ, ಅವಳೂ ನಕ್ಕಳು, ಒಳಗೆ ಬಾ ಎಂದಳು. ಹಿಂದಿನ ಕೋಣೆ ಉದ್ದಕ್ಕಿತ್ತು, ಸಾಮಾನು ಇರಲಿಲ್ಲ. ಒಂದು ಚಾಪೆ, ಒಂದು ನೀರಿನ ತಂಬಿಗೆ. ಹೊರಗೆ ಕೈ ಮರಗಟ್ಟುವ ಚಳಿ. ಕೋಣೆಯ ಒಳಗೆ ನಾನು ಎರಡು ನಿಮಿಷದಲ್ಲಿ ಶಾಲು ತೆಗೆದೆ. ಒಲೆ ಎಲ್ಲಿದೆ ಎಂದು ಸುತ್ತ ನೋಡಿದೆ. ಒಲೆ ಇರಲಿಲ್ಲ. ಹೋಗಿ ಗೋಡೆ ಮುಟ್ಟಿದೆ. ಮಲಗಿರುವವರ ಬೆನ್ನು ಎಷ್ಟು ಬೆಚ್ಚಗಿರುತ್ತದೋ ಅಷ್ಟು ಬೆಚ್ಚಗಿತ್ತು.

ಬಾಯ್ಲರನ್ನು ಕತ್ತರಿಸಿ ಗುಜರಿಗೆ ಹಾಕಿ ಇಪ್ಪತ್ತೊಂಬತ್ತು ವರ್ಷವಾಯಿತಲ್ಲಜ್ಜಿ ಎಂದೆ. ಅದು ನನಗೆ ಗೊತ್ತು, ಗೋಡೆಗೆ ಯಾರೂ ಹೇಳಿಲ್ಲ ಎಂದಳು. ಅವಳು ಅದನ್ನು ನನ್ನನ್ನು ಬೆರಗುಗೊಳಿಸಲು ಹೇಳಿದಂತೆ ಇರಲಿಲ್ಲ. ಹಾಲು ಉಕ್ಕಿತು ಎಂದು ಹೇಳುವ ಹಾಗೆ ಹೇಳಿ ಮತ್ತೆ ಬಟಾಣಿಗೆ ಕೈ ಹಾಕಿದಳು.

ಐವತ್ತೆಂಟು ಜನ ಇಲ್ಲಿ ಸತ್ತಿದ್ದಾರೆ ಎಂದು ನಾನು ಹೇಳಿದಾಗ ಮಾತ್ರ ಅವಳ ಮುಖ ಗಂಟಿಕ್ಕಿತು. ಎದ್ದು ನನ್ನ ಕೈ ಹಿಡಿದು ಬಾಗಿಲಿನ ಹತ್ತಿರ ಎಳೆದುಕೊಂಡು ಹೋಗಿ ಚೌಕಟ್ಟನ್ನು ಸವರಿಸಿದಳು. ಎಡಗಡೆಯ ಮರ ಒರಟಾಗಿತ್ತು. ಬಲಗಡೆಯದು ನೆಲದಿಂದ ಒಂದು ಮೊಳದಿಂದ ಹಿಡಿದು ನನ್ನ ಭುಜದವರೆಗೂ ಸವೆದು ಗಾಜಿನ ಹಾಗೆ ನುಣ್ಣಗಾಗಿತ್ತು, ಅಲ್ಲಲ್ಲಿ ಬೆರಳಿನ ಅಗಲದ ತಗ್ಗು. ಜ್ವರ ಬಿಟ್ಟವರು ಚಾಪೆಯಿಂದ ಎದ್ದು ಮೊದಲ ಸಲ ನಡೆದು ಬಂದು ಹಿಡಿದುಕೊಳ್ಳುತ್ತಿದ್ದದ್ದು ಅದನ್ನೇ ಅಂತೆ. ಮೊಳದೆತ್ತರದ ತಗ್ಗು ಕೂಸುಗಳದ್ದು. ಒಬ್ಬರು ಹೋದರೆ ಎಂಟು ಹತ್ತು ಜನ ನಡೆದು ಹೋಗುತ್ತಿದ್ದರು. ನಿಮ್ಮ ಪುಸ್ತಕದಲ್ಲಿ ಅವರಿದ್ದಾರಾ ಎಂದು ಕೇಳಿದಳು. ಇಲ್ಲ ಎಂದೆ. ಬದುಕಿದವರು ಯಾಕೆ ಬಂದಾರು ನಮ್ಮ ಕಿಟಕಿಗೆ?

ಆಗ ನಾನು ಬಂದ ವಿಷಯ ಹೇಳಿದೆ. ಅಕ್ಕ ಏಳು ವರ್ಷ, ತಮ್ಮ ನಾಲ್ಕು, ತಮ್ಮ ಉಳಿಯಲಿಲ್ಲ. ಅಜ್ಜಿಗೆ ಎಂಬತ್ತೈದು ದಾಟಿದೆ, ಆಗ ಹದಿನೆಂಟರ ಹೊಸ ಸೊಸೆ. ನೆನಪಿರುತ್ತದೆಂದು ನಾನೇನೂ ನಂಬಿರಲಿಲ್ಲ. ಅವಳು ಚೌಕಟ್ಟನ್ನು ಹಿಡಿದುಕೊಂಡಳು.

“ಕುಳ್ಳ ಹುಡುಗ,” ಎಂದಳು. “ತುಟಿ ನೀಲಿ ಆಗಿತ್ತು ಬರುವಾಗಲೇ. ನಮ್ಮತ್ತೆ ನೋಡಿದ ಕೂಡಲೇ ಹೇಳಿದ್ರು, ಇವನಿಗೆ ಇನ್ನು ಎರಡು ಗಂಟೆ, ಅಕ್ಕ ಉಳೀತಾಳೆ, ಅವಳನ್ನ ಗೋಡೆಗೆ ಹಾಕು ಅಂತ. ಗೋಡೆ ಪಕ್ಕದ ಜಾಗ ಯಾವಾಗ್ಲೂ ಉಳಿಯೋರಿಗೆ, ತಾಯಿ. ಇರೋದು ಅಷ್ಟೇ ಜಾಗ.”

“ನಮ್ಮಮ್ಮ ಅವನನ್ನ ಗೋಡೆ ಕಡೆ ತಳ್ಳಿದಳಂತೆ.”

“ನೋಡಿದೆ. ನೀರು ತಂದೋಳು ಬಾಗಿಲಲ್ಲೇ ನಿಂತು ನೋಡಿದೆ. ವಾಪಸ್ ಬದಲಾಯಿಸ್ಬೇಕಿತ್ತು, ಅತ್ತೆ ಬೈತಿದ್ರು. ಮನಸ್ಸು ಬರ್ಲಿಲ್ಲ. ಆ ಮಗು ನಡುಗೋದು ನಿಂತಿತ್ತು. ಕೊನೆ ಎರಡು ಗಂಟೆ ಬೆಚ್ಚಗೆ ಮಲಗಿದ್ದ. ಅದು ನಿಮ್ಮಮ್ಮ ಕೊಟ್ಟಿದ್ದು.”

ಅದು ನಿಜವಾಗಿ ನಡೆದದ್ದೋ, ಅಷ್ಟು ಹುಡುಕಿಕೊಂಡು ಬಂದ ನನ್ನ ಮುಖ ನೋಡಿ ಅಜ್ಜಿ ಕಟ್ಟಿ ಹೇಳಿದ್ದೋ ನನಗೆ ಇವತ್ತಿಗೂ ತಿಳಿಯದು. ತುಟಿಯ ಬಣ್ಣ ನಾನು ಹೇಳಿರಲಿಲ್ಲ. ಕುಳ್ಳ ಎಂದೂ ಹೇಳಿರಲಿಲ್ಲ.

ಈ ಬಿಸಿ ಎಲ್ಲಿಂದ ಬರುತ್ತದಜ್ಜಿ ಎಂದು ಕೇಳಿದೆ. ಎದ್ದು ಹೋದವರು ಬಿಸಿ ತಗೊಂಡು ಹೋದರು, ತೀರಿಹೋದವರು ಇಟ್ಟು ಹೋದರು ಎಂದಳು. ಬೇಕಾದರೆ ಕಿವಿ ಇಟ್ಟು ನೋಡು ಎಂದಳು. ನಾನು ಮಂಡಿಯೂರಿ, ಚಾಪೆಯ ಮಟ್ಟಕ್ಕೆ ಬಗ್ಗಿ, ಕಿವಿ ಇಟ್ಟೆ. ಮೊದಲು ನನ್ನ ರಕ್ತದ ಸದ್ದೇ ಕೇಳಿಸಿತು. ಆಮೇಲೆ ಅದರ ಹಿಂದೆ ಇನ್ನೊಂದು. ಎಳೆದು ಬಿಡುವುದು, ಎಳೆದು ಬಿಡುವುದು. ಒಬ್ಬರದಲ್ಲ. ತುಂಬಿದ ಛತ್ರದಲ್ಲಿ ಎಲ್ಲರೂ ಮಲಗಿರುವಾಗ ಒಬ್ಬಳೇ ಎಚ್ಚರವಾಗಿದ್ದರೆ ಹೇಗೋ ಹಾಗೆ, ದಪ್ಪ ಉಸಿರು, ಗೊರಗೊರ ಉಸಿರು, ನಿಧಾನದ್ದು, ಮಧ್ಯೆ ತೀರಾ ಹತ್ತಿರದಲ್ಲಿ ಒಂದು ಪುಟ್ಟ ಉಸಿರು, ಓಡಿ ಬಂದ ನಾಯಿಮರಿಯ ಹಾಗೆ ಬೇಗ ಬೇಗ. ಎದೆ ಕಟ್ಟಿದ ಮಕ್ಕಳು ಹಾಗೆಯೇ ಉಸಿರಾಡುತ್ತಾರೆ ಎಂದು ಡಾಕ್ಟರಮ್ಮ ಒಮ್ಮೆ ಹೇಳಿದ್ದರು. ನಾನು ಎಷ್ಟು ಜೋರಾಗಿ ಹಿಂದೆ ಸರಿದೆನೆಂದರೆ ತಂಬಿಗೆ ಉರುಳಿ ನೀರೆಲ್ಲ ಚೆಲ್ಲಿತು.

ಅಲ್ಲಿಂದ ಹೊರಟವಳು ನೇರ ಮನೆಗೆ ಹೋಗಲಿಲ್ಲ. ಸುತ್ತು ಹಾಕಿ ಗಿರಣಿಯ ಗೇಟಿಗೆ ಹೋಗಿ, ಕಾವಲುಗಾರನಿಗೆ ಕಚೇರಿಯ ಗುರುತಿನ ಚೀಟಿ ತೋರಿಸಿ, ಬಾಯ್ಲರು ಇದ್ದ ಜಾಗ ನೋಡಬೇಕು ಎಂದೆ. ಅವನು ಬೀಗ ತೆಗೆದು ಕೊಟ್ಟ. ಚಾವಣಿ ಬಿದ್ದುಹೋಗಿತ್ತು, ಹಗಲು ಬೆಳಕು ನೇರ ಒಳಗೆ ಸುರಿಯುತ್ತಿತ್ತು. ಬಾಯ್ಲರು ಕೂತಿದ್ದ ಕಡೆ ಹಳ್ಳ, ಹಳ್ಳದಲ್ಲಿ ಹಸಿರು ನೀರು, ಪಾರಿವಾಳದ ಹಿಕ್ಕೆ. ಒಂಬತ್ತನೆಯ ಮನೆಯ ಗೋಡೆ ಯಾವುದೆಂದು ಚಿಮಣಿಯ ಗುರುತಿನಿಂದ ಪತ್ತೆ ಮಾಡಿದೆ. ಪಾಚಿ ಹಿಡಿದಿತ್ತು, ನೀರು ಜಿನುಗುತ್ತಿತ್ತು. ಅಂಗೈ ಇಟ್ಟೆ. ಬಾವಿಯೊಳಗಿನ ಕಲ್ಲಿನಷ್ಟು ತಣ್ಣಗಿತ್ತು. ಒಂದೂವರೆ ಮೊಳ ದಪ್ಪದ ಗೋಡೆ ಅದು. ಒಂದು ಕಡೆ ಹೀಗೆ, ಒಂದು ಕಡೆ ಹಾಗೆ. ಕೈಗೆ ಹತ್ತಿದ ಪಾಚಿಯನ್ನು ದಾರಿಯುದ್ದಕ್ಕೂ ಕರವಸ್ತ್ರದಿಂದ ಒರೆಸಿಕೊಳ್ಳುತ್ತಲೇ ಮನೆಗೆ ಬಂದೆ.

ಅಮ್ಮನಿಗೆ ಎಲ್ಲ ಹೇಳಿದೆ. ಪುಟ್ಟ ಉಸಿರಿನ ವಿಷಯ ಮುಚ್ಚಿಡಬೇಕೆಂದಿದ್ದೆ, ಬಾಯಿ ತಪ್ಪಿ ಅದನ್ನೂ ಹೇಳಿದೆ. ಅವಳು ಅಳಲಿಲ್ಲ. ನಾಳೆ ಭಾನುವಾರ ತಾನೆ, ಕರ್ಕೊಂಡು ಹೋಗು ಎಂದಳು. ಚಳಿ, ನಿನಗೆ ವಯಸ್ಸಾಗಿದೆ, ನನ್ನ ಗೆರೆಯಲ್ಲಿ ಈಗ ನಿನ್ನ ವಯಸ್ಸಿನವರೇ ತುಂಬಿದ್ದಾರೆ ಎಂದು ಜಗಳ ಮಾಡಿದೆ. ನಿನ್ನ ಗೆರೆ ನಿನ್ನ ಹತ್ರ ಇಟ್ಕೋ ಎಂದಳು.

ಭಾನುವಾರ ಹನ್ನೊಂದಕ್ಕೆ ಆಟೋದಲ್ಲಿ ಹೋದೆವು. ಇಬ್ಬರು ಮುದುಕಿಯರೂ ಬಾಗಿಲಲ್ಲಿ ಒಬ್ಬರನ್ನೊಬ್ಬರು ನೋಡಿಕೊಂಡು ನಿಂತರು. ನೀನು ಚೌಕಟ್ಟು ಹಿಡಿದದ್ದು ಇಲ್ಲಿ ಎಂದು ಬಾಯ್ಲರಜ್ಜಿ ಸೊಂಟದ ಮಟ್ಟದಲ್ಲಿ ಒಂದು ತಗ್ಗು ತೋರಿಸಿದಳು. ಅಮ್ಮ ಬಗ್ಗಿ ಅಲ್ಲಿ ಬೆರಳಿಟ್ಟಳು. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ ಬೆರಳು ಅದರಲ್ಲಿ ಹಿಡಿಸಲಿಲ್ಲ.

ಒಳಗೆ ಹೋಗಿ ಅಮ್ಮ ಚಾಪೆಯ ಮೇಲೆ ಮಲಗಿದಳು. ಗೋಡೆಗೆ ಅಂಟಿಕೊಂಡಲ್ಲ, ಈಚೆಯ ಅಂಚಿನಲ್ಲಿ. ಗೋಡೆಯ ಕಡೆ ಒಂದು ಮಗು ಮಲಗುವಷ್ಟು ಜಾಗ ಬಿಟ್ಟು, ಆ ಕಡೆಗೆ ತಿರುಗಿ, ಕೈ ಚಾಚಿ ಗೋಡೆಯ ಮೇಲಿಟ್ಟಳು. ಏನೋ ಹೇಳಿದಳು, ನಮಗೆ ಕೇಳಿಸುವಂತಲ್ಲ. ಮಾತು ಉದ್ದಕ್ಕಿತ್ತು. ಮಧ್ಯೆ ಒಮ್ಮೆ ನಕ್ಕಳು. ಆಮೇಲೆ ಮಾತು ನಿಂತು ನಿದ್ದೆ ಬಂತು.

ನಾನು ಮತ್ತು ಅಜ್ಜಿ ಹೊಸ್ತಿಲ ಮೇಲೆ ಕೂತಿದ್ದೆವು. ಅವತ್ತು ಗೋಡೆಗೆ ಕಿವಿ ಇಡಬೇಕಾಗಿರಲಿಲ್ಲ. ಪುಟ್ಟ ಉಸಿರು ಹೊಸ್ತಿಲವರೆಗೂ ಕೇಳುತ್ತಿತ್ತು, ಅದೇ ಓಟದ ಉಸಿರು. ಅಮ್ಮನದು ನಿಧಾನ. ಅವಳ ಒಂದು ಉಸಿರಿಗೆ ಅದರದು ನಾಲ್ಕು. ಸ್ವಲ್ಪ ಹೊತ್ತಿಗೆ ಮೂರಾಯಿತು. ನಾನು ಅಜ್ಜಿಯ ಮುಖ ನೋಡಿದೆ, ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡಿದ್ದಳು. ಎರಡಾಯಿತು. ಆಮೇಲೆ ಎರಡೂ ಒಂದೇ ಆಗಿ, ಯಾವುದು ಅಮ್ಮನದು, ಯಾವುದು ಅಲ್ಲ ಎಂದು ನನಗೆ ಬಿಡಿಸಿ ಹೇಳಲು ಆಗದಂತೆ ಒಟ್ಟಿಗೆ ಹೋಗುತ್ತಿದ್ದವು. ಕೊನೆಗೆ ಒಂದೇ ಉಳಿಯಿತು. ಓಡಿಹೋಗಿ ಅಮ್ಮನ ಮೂಗಿನ ಹತ್ತಿರ ಕೈ ಹಿಡಿದೆ. ಉಳಿದದ್ದು ಅವಳದೇ. ಅವಳು ಕಣ್ಣು ಬಿಟ್ಟು, ಯಾಕೆ ಹಾಗೆ ನೋಡ್ತಿದೀಯ ಎಂದು ಗದರಿದಳು.

ಅಜ್ಜಿ ಮಂಡಿ ಹಿಡಿದುಕೊಂಡು ಬಂದು ಗೋಡೆ ಸವರಿದಳು. ನನ್ನ ಕೈಯನ್ನೂ ಎಳೆದು ಇಟ್ಟಳು. ಗೋಡೆಯೆಲ್ಲ ಬೆಚ್ಚಗಿತ್ತು. ಅಮ್ಮನ ಕೈ ಇದ್ದ ಕಡೆ, ನೆಲದ ಮಟ್ಟದಲ್ಲಿ, ನಾಲ್ಕು ವರ್ಷದ ಮಗುವಿನ ಉದ್ದಕ್ಕೆ, ಒಂದು ಪಟ್ಟಿ ತಣ್ಣಗಾಗಿತ್ತು.

“ಒಬ್ಬ ಹೋದ,” ಎಂದಳು ಅಜ್ಜಿ. ಆಮೇಲೆ ನನ್ನ ಕಡೆ ತಿರುಗಿ, “ಮಿಕ್ಕವರ ಮನೆಯೋರು ಯಾರ‍್ಯಾರು ಅಂತ ನಿನ್ನ ಪುಸ್ತಕದಲ್ಲಿ ಇರತ್ತಲ್ವಾ?” ಎಂದು ಕೇಳಿದಳು.

ಇತ್ತು. ತಂದೆಯ ಹೆಸರು, ತಿಳಿಸಿದವರ ಹೆಸರು ಎಲ್ಲ ಇತ್ತು. ಆ ಚಳಿಗಾಲವೆಲ್ಲ ನಾನು ಕಚೇರಿ ಮುಗಿಸಿ ಹಳೆಯ ಗಿರಣಿ ಜನರ ಮನೆ ಹುಡುಕಿಕೊಂಡು ಅಲೆದೆ. ಏನೆಂದು ಹೇಳುವುದು? ನಿಮ್ಮ ಅಕ್ಕ ತೀರಿಕೊಂಡ ಕೋಣೆ ಇನ್ನೂ ಇದೆ, ಗಿರಣಿ ಬಿದ್ದುಹೋಗುವ ಮುಂಚೆ ಒಮ್ಮೆ ನೋಡಿ ಬನ್ನಿ ಎಂದಷ್ಟೇ ಹೇಳುತ್ತಿದ್ದೆ. ಕೆಲವರು ಬಾಗಿಲಲ್ಲೇ ಕೈ ಮುಗಿದು ಕಳಿಸಿದರು. ಕೆಲವರು ಬಂದರು. ನಿವೃತ್ತ ಬಸ್ ಡ್ರೈವರ್ ಒಬ್ಬರು ಗೋಡೆಗೆ ಹಣೆ ಹಚ್ಚಿ, ತಮ್ಮ ಬುಗುರಿ ಕದ್ದದ್ದು ನೀನೇ ಎಂದು ಅರವತ್ತು ವರ್ಷ ಹಿಂದೆ ಸತ್ತ ಅಕ್ಕನ ಜೊತೆ ಜಗಳವಾಡಿ, ಮೂಗು ಒರೆಸಿಕೊಂಡು ಹೋದರು. ಒಬ್ಬಳು ತನ್ನ ಅಮ್ಮನನ್ನು ಹೆಸರು ಹಿಡಿದು ಮೂರು ಸಲ ಕರೆದು ಎದ್ದು ಹೋದಳು. ಪ್ರತಿ ಸಲವೂ ಗೋಡೆಯ ಒಂದು ಪಟ್ಟಿ ತಣ್ಣಗಾಗುತ್ತಿತ್ತು. ದೊಡ್ಡವರದು ಉದ್ದ, ಮಕ್ಕಳದು ಗಿಡ್ಡ. ಧೂಳಪ್ಪ ಒಂದು ಸಲ ನನ್ನ ಜೊತೆ ಬಂದು ಹತ್ತು ನಿಮಿಷ ಕೂತಿದ್ದ. ಅವತ್ತಿನಿಂದ ಅವನು ಮರಣದ ಕಿಟಕಿಯ ಬಗ್ಗೆ ತಮಾಷೆ ಮಾಡುವುದು ಬಿಟ್ಟ.

ಈ ನಡುವೆ ಅಮ್ಮನಿಗೆ ಕೆಮ್ಮು ಶುರುವಾಯಿತು, ಮೂರನೆಯ ದಿನ ಉಸಿರು ಕಟ್ಟಿತು. ನಾನು ಎಲ್ಲಿಗೆಂದು ಯೋಚಿಸದೆ ಆಸ್ಪತ್ರೆಗೆ ಕರೆದೊಯ್ದೆ. ಆರು ದಿನ ಆಮ್ಲಜನಕ, ಇಂಜೆಕ್ಷನ್. ಏಳನೆಯ ದಿನ ನರ್ಸಿನ ಅಂಗಿಯ ಗುಂಡಿ ಸಡಿಲವಾಗಿದೆ ಎಂದು ತಗಾದೆ ತೆಗೆದಾಗ ಇನ್ನು ಹೆದರಬೇಕಾಗಿಲ್ಲ ಎಂದು ನನಗೆ ಗೊತ್ತಾಯಿತು. ಈಗ ಅವಳು ದಿನವೂ ಮೋಟುವಿನ ಕಥೆ ಹೇಳುತ್ತಾಳೆ. ಅವನು ಸಾಬೂನು ನೆಕ್ಕಿದ್ದು, ಕೋಳಿಗೆ ಹೆದರಿ ಪಾತ್ರೆಯೊಳಗೆ ಕೂತದ್ದು. ಹೇಳಿದ್ದನ್ನೇ ಹೇಳುತ್ತಾಳೆ.

ಡಾಕ್ಟರಮ್ಮನಿಗೆ ಗೆರೆ ಕೊಟ್ಟೆವು. ಒಂಬತ್ತನೆಯ ಮನೆ ಅವರ ಕಣ್ಣಿಗೂ ಬಿತ್ತು. ಬಾಯ್ಲರಿನ ಬಿಸಿಗೆ ರೋಗಿಗಳನ್ನು ಇಡುತ್ತಿದ್ದ ಕೋಣೆ ಎಂದೆ, ಅವರು ಹಾಗೆಯೇ ಕೆಳಗೆ ಸಣ್ಣಕ್ಷರದಲ್ಲಿ ಬರೆದುಕೊಂಡರು. ಅಲ್ಲಿ ಎಷ್ಟು ಜನ ವಾಸಿಯಾಗಿ ಹೋದರು ಎಂಬ ಲೆಕ್ಕ ಸಿಗುತ್ತದಾ ಎಂದು ಕೇಳಿದರು. ಒಂದು ಬಾಗಿಲ ಚೌಕಟ್ಟು ಇದೆ ಮೇಡಂ ಎಂದು ಹೇಳಲು ಬಾಯಿ ತೆರೆದು, ಇಲ್ಲ ಎಂದೆ.

ಚಳಿ ಮುಗಿಯುವ ಹೊತ್ತಿಗೆ ಗೋಡೆಯಲ್ಲಿ ಮೂಲೆಯ ಹತ್ತಿರ ಒಂದಾಳುದ್ದ ಮಾತ್ರ ಬೆಚ್ಚಗೆ ಉಳಿದಿತ್ತು. ಬಂದವರು ತಮ್ಮವರನ್ನು ಕರೆದ ಮೇಲೆ, ಯಾರೂ ಹುಡುಕಿಕೊಂಡು ಬಾರದವರ ಹೆಸರನ್ನೂ ನನ್ನ ಪಟ್ಟಿ ನೋಡಿ ಗಟ್ಟಿಯಾಗಿ ಓದಿಹೋಗಿದ್ದರು, ಅದಕ್ಕೂ ಗೋಡೆ ತಣ್ಣಗಾಗಿತ್ತು. ಉಳಿದವನಿಗೆ ಹೆಸರೇ ಇರಲಿಲ್ಲ. ‘ಗಂಡಸು, ಸುಮಾರು ಮೂವತ್ತು, ಗಿರಣಿಯ ಗೇಟಿನ ಮುಂದೆ ಬಿದ್ದಿದ್ದವನು’ ಎಂದಷ್ಟೇ ಬರೆದಿತ್ತು. ಹಳೆಯ ಕೂಲಿ ಪಟ್ಟಿ ಹುಡುಕಿ ನೋಡುತ್ತೇನೆ, ಎಲ್ಲಾದರೂ ಸಿಗಬಹುದು ಎಂದು ಬಾಯ್ಲರಜ್ಜಿಗೆ ಹೇಳಿದೆ.

ಅವಳು ಎರಡು ಕಂಬಳಿ ಹೊದ್ದು ಕೂತಿದ್ದಳು. ಆ ಕೋಣೆಯಲ್ಲಿ ಅವಳನ್ನು ಕಂಬಳಿಯಲ್ಲಿ ನಾನು ನೋಡಿದ್ದು ಅದೇ ಮೊದಲು.

“ಬೇಡ, ಮಗಳೇ,” ಎಂದಳು. “ಅವನೊಬ್ಬ ನನಗಿರಲಿ. ನನಗೂ ಚಳಿ ಆಗತ್ತೆ.”

ಚಾಪೆಯನ್ನು ಮೂಲೆಗೆ ಎಳೆದುಕೊಡು ಎಂದಳು, ಎಳೆದುಕೊಟ್ಟೆ. ಅವಳು ಬೆನ್ನನ್ನು ಗೋಡೆಗೆ ಕೊಟ್ಟು ಮಲಗಿ, ಒಂದು ಕಂಬಳಿಯನ್ನು ತಾನು ಎಳೆದುಕೊಂಡಳು. ಇನ್ನೊಂದನ್ನು ಹಿಂದಕ್ಕೆ ಕೈ ಹಾಕಿ ತನ್ನ ಮತ್ತು ಗೋಡೆಯ ನಡುವೆ ಜೋಪಾನವಾಗಿ ಹೊದಿಸಿದಳು. ಹೋಗುವಾಗ ಬಾಗಿಲು ಮುಂದೆ ಮಾಡಿಕೊಂಡು ಹೋಗು, ಗಾಳಿ ಬರುತ್ತದೆ ಎಂದಳು.